ಏಳನೇ ಓಣಿಯ ನಾಲ್ಕು ಬೆರಳು

“ಆಕೆ ಸೇಫ್ಟಿ ಬೆಲ್ಟ್ ಹಾಕ್ಕೊಂಡಿರಲಿಲ್ಲ ಮೇಡಂ. ವಿಷಯ ಅಷ್ಟೇ. ಅದಕ್ಕೆ ನೀವು ನೆಲದ ಮೇಲೆ ಮಲಗೋದು ಬೇಕಾಗಿಲ್ಲ.”

ಲಿಫ್ಟಕ್ಕ ತಲೆ ಎತ್ತಲಿಲ್ಲ. ಏಳನೇ ಓಣಿಯ ಸಿಮೆಂಟು ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿ, ಕಬ್ಬಿಣದ ಕಪಾಟಿನ ಕಾಲಿನ ಪಕ್ಕ ಮನೆಯ ಬೀಗದ ಕೈಯಿಂದ ಕೆರೆಯುತ್ತಿದ್ದಳು. ಐವತ್ತಾರು ದಾಟಿದ ಎರಡೂ ಮಂಡಿಗಳು ಅವಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದವು. ಆ ಬೈಗುಳವನ್ನೆಲ್ಲ ಅವಳು ಒಟ್ಟುಮಾಡಿ, ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರನಿಗೆ ಕೊಡಲೆಂದು ಇಟ್ಟುಕೊಳ್ಳುತ್ತಿದ್ದಳು.

ಹನ್ನೊಂದು ದಿನದ ಹಿಂದೆ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ, ಬಚ್ಚಲು ಸಾಮಾನಿನ ಈ ಗೋದಾಮಿನಲ್ಲಿ ಕಪಾಟುಗಳಿಂದ ಸಾಮಾನು ಆರಿಸಿ ತೆಗೆಯುವ ಕೆಲಸದ ಗಿಣಿ ಕಪಾಟಿನ ನಾಲ್ಕನೇ ಅಂತಸ್ತಿನಿಂದ ಇದೇ ನೆಲಕ್ಕೆ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಗಿಣಿ ಎಂಬುದು ಜೊತೆಯವರು ಇಟ್ಟ ಹೆಸರು. ಮೇಲೆ ಹೋದರೆ ಕೆಳಗಿಳಿಯುವವರೆಗೆ ಬಾಯಿ ಮುಚ್ಚಿದವಳಲ್ಲ. ಮ್ಯಾನೇಜರನಿಗೂ ಹಾಗೆಯೇ ಒಂದು ಹೆಸರಿತ್ತು: ಇಸ್ತ್ರಿ. ಧೂಳಿನ ಗೋದಾಮಿನಲ್ಲೂ ಅವನ ಅಂಗಿಯ ಮೇಲೆ ಒಂದು ಸುಕ್ಕು ಕಂಡವರಿರಲಿಲ್ಲ. ಇನ್ನು ಲಿಫ್ಟಕ್ಕ, ಇಪ್ಪತ್ತೆರಡು ವರ್ಷ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿ, ಈಗ ಯಂತ್ರಕ್ಕೆ ಸಿಕ್ಕಿ ಯಾರಾದರೂ ನೊಂದಾಗ, ‘ತಪ್ಪು ಅವರದೇ’ ಎಂದು ಧಣಿಗಳು ಕೈ ತೊಳೆದುಕೊಂಡಾಗ, ಮನೆಯವರ ಪರವಾಗಿ ಹೋಗಿ ನೋಡುವವಳು. ಗಿಣಿಯ ಅತ್ತೆ ಕಾರ್ಮಿಕ ಕಚೇರಿಯ ಬಾಗಿಲಲ್ಲಿ ಮೂರು ದಿನ ಕೂತು ಅಪ್ಪಣೆ ಚೀಟಿ ಬರೆಸಿಕೊಂಡು ಬಂದಿದ್ದಳು. ಆ ಚೀಟಿ ಇಲ್ಲದಿದ್ದರೆ ಇಸ್ತ್ರಿ ಲಿಫ್ಟಕ್ಕನನ್ನು ಗೇಟಿನಿಂದಲೇ ಅಟ್ಟುತ್ತಿದ್ದ.

ಕೀಲಿಯ ತುದಿಗೆ ನೆಲದ ಬಣ್ಣ ಬದಲಾಯಿತು. ಹಳೆಯ ಸಿಮೆಂಟು ಕಪ್ಪಗಿತ್ತು. ಅದರ ನಡುವೆ ಅಂಗೈಯಷ್ಟು ಜಾಗದಲ್ಲಿ ನಾಲ್ಕು ಬಿಳಿಚಿದ ಚುಕ್ಕೆ. ಯಾರೋ ಹಳೆಯ ಬೋಲ್ಟಿನ ತೂತು ಮುಚ್ಚಿ, ಮೇಲೆ ಧೂಳು ಸವರಿದ್ದರು.

ಅವಳು ತೆವಳಿಕೊಂಡು ಮುಂದಿನ ಕಾಲಿನ ಹತ್ತಿರ ಹೋದಳು. ಅಲ್ಲೂ ನಾಲ್ಕು. ಅದರ ಮುಂದಿನದಕ್ಕೂ ನಾಲ್ಕು. ಮುಚ್ಚಿದ ತೂತಿನಿಂದ ಪ್ರತಿ ಕಾಲಿಗೂ ಅಷ್ಟೇ ದೂರ. ಬೆರಳಿಟ್ಟು ನೋಡಿದಳು. ಕಿರುಬೆರಳಿಂದ ತೋರುಬೆರಳವರೆಗೆ, ಸರಿಯಾಗಿ ನಾಲ್ಕು ಬೆರಳು.

ಎದ್ದು ನಿಂತು ಟೇಪು ಎಳೆದಳು. ಓಣಿಯ ಅಗಲ ಐದು ಅಡಿ ಐದು ಇಂಚು.

“ನಿಮ್ಮ ಫೈಲಲ್ಲಿ ಎಷ್ಟಿದೆ?” ಎಂದು ಕೇಳಿದಳು.

ಇಸ್ತ್ರಿ ಫೈಲು ತೆರೆಯಲಿಲ್ಲ. ಒಂದೆರಡು ಇಂಚು ಆಚೀಚೆ ಇರಬಹುದು, ಗೋದಾಮು ಎಂದರೆ ಗಡಿಯಾರದ ಅಂಗಡಿಯಲ್ಲ ಎಂದ. ಅವಳೇ ಅವನ ಕಂಕುಳಿನಿಂದ ಫೈಲು ಎಳೆದುಕೊಂಡು ಪುಟ ತಿರುವಿದಳು. ಯಂತ್ರ ಕೊಳ್ಳುವ ಮುಂಚಿನ ಅಳತೆ: ಐದು ಅಡಿ ಎಂಟು ಇಂಚು.

ಕಪಾಟಿನ ಸಾಲನ್ನು ಬುಡಸಮೇತ ಕಿತ್ತು ಒಳಕ್ಕೆ ಸರಿಸಿದ್ದರು. ಈ ಓಣಿ ಒಂದೇ ಅಲ್ಲ. ಬೆಳಗಿನಿಂದ ಏಳೂ ಓಣಿಗಳನ್ನು ಸುತ್ತಿದ ಅವಳಿಗೆ ಲೆಕ್ಕ ಒಮ್ಮೆಲೇ ಕೂಡಿ ಬಂತು. ಏಳು ಓಣಿಗಳಿಂದ ನಾಲ್ಕು ನಾಲ್ಕು ಬೆರಳು ಕದ್ದು, ಕೊನೆಯ ಗೋಡೆಗೆ ಒಂದು ಹೊಸ ಸಾಲು ತೂರಿಸಿದ್ದರು. ಆ ಸಾಲಿನಲ್ಲಿ ನಲ್ಲಿಗಳ ಪೆಟ್ಟಿಗೆಗಳು ಪೋಲೀಸರಂತೆ ಎದೆ ಸೆಟೆದು ನಿಂತಿದ್ದವು.

ಅವಳ ಕಿವಿ ಬಿಸಿಯಾಯಿತು. ಕೋಪ ಬಂದಾಗ ಕಣ್ಣೆದುರಿನ ನಟ್ಟು ಬೋಲ್ಟು ಎಣಿಸುವುದು ಅವಳ ಹಳೆಯ ಚಾಳಿ. ಹನ್ನೆರಡರವರೆಗೆ ಎಣಿಸಿದಳು. ಸಾಲಲಿಲ್ಲ.

“ನೋಡಿ,” ಎಂದ ಇಸ್ತ್ರಿ, ಬಹಳ ಸಮಾಧಾನದಿಂದ. “ಆಕೆ ಬಿದ್ದ ಮೆಷಿನ್ನು ಆರಿಸಿದ್ದು ನಾನಲ್ಲ, ಕೆಲಸದವರು. ಅವರೇ. ಅದರಲ್ಲೂ ಆಕೆಯೇ. ಸಹಿ ಇದೆ.”

ಸಹಿ ಇದ್ದದ್ದು ನಿಜ. ಹೋದ ವರ್ಷ ಕಂಪನಿ ಮೂರು ಬಗೆಯ ಎತ್ತುವ ಸಾಧನಗಳನ್ನು ತರಿಸಿ, ಒಂದೊಂದನ್ನು ಒಂದೊಂದು ವಾರ ಇಲ್ಲಿ ಓಡಿಸಿ ನೋಡಿತ್ತು. ಸಾಮಾನು ಆರಿಸುವವರ ಪರವಾಗಿ ಬರೆಯಲು ಒಬ್ಬರು ಬೇಕೆಂದಾಗ ಎಲ್ಲರೂ ಗಿಣಿಯ ಕಡೆ ಕೈ ತೋರಿಸಿದ್ದರು. ಬಾಯಿ ಇದ್ದವಳು, ಕೈಬರಹವೂ ಚೆನ್ನಾಗಿತ್ತು.

ಮೊದಲನೆಯದು ಸಾಮಾನ್ಯ ಫೋರ್ಕ್‌ಲಿಫ್ಟು, ಅದರ ಕವಲಿಗೆ ಸಿಕ್ಕಿಸುವ ಒಂದು ಪಂಜರ. ಒಬ್ಬ ಕೆಳಗೆ ಓಡಿಸಬೇಕು, ಒಬ್ಬಳು ಮೇಲೆ ಪಂಜರದಲ್ಲಿ ನಿಲ್ಲಬೇಕು. ‘ಕೆಳಗಿನವನಿಗೆ ಸೀನು ಬಂದರೆ ಮೇಲಿನವಳ ಎದೆ ಬಾಯಿಗೆ ಬರುತ್ತದೆ’ ಎಂದು ಗಿಣಿ ಬರೆದಿದ್ದಳು. ಎರಡನೆಯದು ಚಕ್ರವಿರುವ ಅಟ್ಟಣಿಗೆ ಏಣಿ. ಸುಲಭದ್ದು, ಕೆಡುವುದಿಲ್ಲ. ಆದರೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ದಿನಕ್ಕೆ ನಲವತ್ತು ಸಲ ಇಳಿಯಬೇಕು. ಒಂದು ಕೈ ಪೆಟ್ಟಿಗೆಗೆ, ಒಂದು ಕೈ ಏಣಿಗೆ, ಮೂಗು ತುರಿಸಿದರೆ ದೇವರೇ ಗತಿ. ಮೂರನೆಯದು ಆಳನ್ನೂ ಸಾಮಾನಿನ ಹಲಗೆಯನ್ನೂ ಒಂದೇ ವೇದಿಕೆಯ ಮೇಲೆ ಒಟ್ಟಿಗೇ ಎತ್ತುವ ಗಾಡಿ. ಹಿಡಿಕೆ ಆರಿಸುವವಳ ಕೈಯಲ್ಲೇ. ಪೆಟ್ಟಿಗೆ ಸೊಂಟದ ಮಟ್ಟಕ್ಕೆ ಸಿಗುತ್ತದೆ. ಪಕ್ಕಕ್ಕೆ ಕಂಬಿಯ ಗೇಟು. ಗೇಟು ತೆರೆದಿದ್ದರೆ ಗಾಡಿ ಅಲುಗುವುದಿಲ್ಲ. ಎತ್ತುವ ಗಾಡಿಯಾದ್ದರಿಂದ ಒಂದೇ ದಿನದಲ್ಲಿ ಅದಕ್ಕೆ ‘ಎತ್ತಿನಗಾಡಿ’ ಎಂಬ ಹೆಸರು ಬಿದ್ದಿತ್ತು.

ಗಿಣಿ ಆರಿಸಿದ್ದು ಎತ್ತಿನಗಾಡಿಯನ್ನೇ. ಇಸ್ತ್ರಿಯ ಫೈಲಿನಲ್ಲಿ ಆ ಪುಟ ಇತ್ತು.

“ಇದಕ್ಕೆ ಎರಡನೇ ಪುಟ ಇತ್ತಲ್ಲ,” ಎಂದಳು ಲಿಫ್ಟಕ್ಕ.

ಇಲ್ಲ ಎಂದ ಅವನು. ಅವಳು ತನ್ನ ಚೀಲದಿಂದ ಒಂದು ಕಾಗದ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. ಗಿಣಿ ತನಗೆಂದು ಇಟ್ಟುಕೊಂಡ ಪ್ರತಿ. ಬೀರುವಿನಲ್ಲಿ ಬಟ್ಟೆಯ ಮಡಿಕೆಯೊಳಗೆ ಸಿಕ್ಕಿತೆಂದು ಅತ್ತೆ ಇವತ್ತು ಬೆಳಿಗ್ಗೆ ತಂದುಕೊಟ್ಟದ್ದು. ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ‘ಗೇಟು ಮೇಲೆತ್ತುವಾಗ ಅದರ ಮೊಣಕೈ ಹೊರಗೆ ಚಾಚುತ್ತದೆ. ಓಣಿ ಈಗಿರುವಷ್ಟೇ ಇದ್ದರೆ ಮಾತ್ರ ಈ ಗಾಡಿ ಆಗುತ್ತದೆ. ಒಂದಿಂಚು ಕಡಿಮೆಯಾದರೂ ಬೇಡ. ಹಾಗಾದರೆ ಏಣಿಯೇ ವಾಸಿ.’ ಕೆಳಗೆ ಅವಳ ಸಹಿ, ಅದರ ಪಕ್ಕ ಇಸ್ತ್ರಿಯ ಸಹಿ. ಸಹಿಯಲ್ಲೂ ಒಂದು ಸುಕ್ಕಿರಲಿಲ್ಲ.

ಇಸ್ತ್ರಿ ಕಾಗದವನ್ನು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ವಕೀಲರ ಹತ್ತಿರ ಮಾತಾಡಬೇಕು ಎಂದು ಹೇಳಿ, ಬೆಲ್ಟಿನ ವಿಷಯ ಮರೆತು, ಬೇಗ ಬೇಗ ಹೆಜ್ಜೆ ಹಾಕಿದ. ಅವನ ಬೆನ್ನ ಮೇಲೆ ಬೆವರಿನ ಒಂದು ಪಟ್ಟಿ ಮೂಡಿತ್ತು. ನೋಡಿ ಅವಳಿಗೆ ಸ್ವಲ್ಪ ಹಿತವಾಯಿತು.

ಬಹಳ ಹೊತ್ತಿನ ಹಿತವಲ್ಲ ಅದು.

ಗಿಣಿ ಬಿದ್ದ ಗಾಡಿ ಓಣಿಯ ಬಾಯಲ್ಲೇ ಹಳದಿ ಪಟ್ಟಿ ಸುತ್ತಿಸಿಕೊಂಡು ನಿಂತಿತ್ತು. ಲಿಫ್ಟಕ್ಕ ಕನ್ನಡಕ ಏರಿಸಿ ಗೇಟು ನೋಡಿದಳು. ಎಡಗಡೆಯ ಕಂಬಿಯ ಬಣ್ಣ ಒಂದು ಕಡೆ ತಿಕ್ಕಿ ಹೋಗಿತ್ತು. ಗೇಟನ್ನು ಮೇಲಕ್ಕೆತ್ತಿ ದಾರದಿಂದ ಕಟ್ಟಿಹಾಕಿದ ಗುರುತು ಅದು, ದಿನಗಟ್ಟಲೆ ಕಟ್ಟಿದ್ದು. ಗೇಟು ಕಟ್ಟಿಹಾಕಿದ್ದರೆ ಗಾಡಿ ಏರಬಾರದು. ಏರಿದೆ. ಅಂದರೆ ಗೇಟು ಮುಚ್ಚಿದೆ ಎಂದು ಯಾರೋ ಗಾಡಿಗೆ ಸುಳ್ಳು ಹೇಳಿದ್ದಾರೆ.

ಗೇಟಿನ ಕೆಳಗೆ ಒಂದು ಪುಟ್ಟ ಸ್ವಿಚ್ಚು. ಅದರ ಸುತ್ತ ಧೂಳು. ಧೂಳಿನ ನಡುವೆ ಮಾತ್ರ ಉಗುರಿನಗಲದ ಚೌಕ, ಈಗ ತಾನೇ ಒರೆಸಿದಷ್ಟು ಶುಭ್ರ. ಅಂಟಿಸಿದ್ದನ್ನು ಕಿತ್ತಿದ್ದಾರೆ.

ಅವಳು ಮೂರನೇ ಓಣಿಗೆ ಹೋಗಿ ಅಲ್ಲಿನ ಗಾಡಿ ನೋಡಿದಳು. ಅಲ್ಲಿ ಕೀಳಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಸ್ವಿಚ್ಚಿಗೆ ಒಂದು ಆಯಸ್ಕಾಂತ, ಅದರ ಮೇಲೆ ಕಪ್ಪು ಟೇಪು. ಟೇಪಿನ ತುದಿಯನ್ನು ಆಮೇಲೆ ಬಿಡಿಸಲು ಸುಲಭವಾಗಲೆಂದು ಒಳಕ್ಕೆ ಸಣ್ಣ ತ್ರಿಕೋನವಾಗಿ ಮಡಚಿದ್ದರು.

ಅದನ್ನು ನೋಡಿ ಲಿಫ್ಟಕ್ಕ ಅಲ್ಲೇ ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಟೇಪಿನ ತುದಿಯನ್ನು ಹಾಗೆ ತ್ರಿಕೋನವಾಗಿ ಮಡಚುವುದನ್ನು ಅವಳು ಜೀವಮಾನದಲ್ಲಿ ಒಬ್ಬನಿಗೆ ಮಾತ್ರ ಕಲಿಸಿದ್ದಳು.

ಬ್ಯಾಟರಿ ಕೋಣೆಯಲ್ಲಿ ಮೆಕ್ಯಾನಿಕ್ ಒಬ್ಬನೇ ಇದ್ದ. ಗಾಡಿಗಳ ಬ್ಯಾಟರಿಗಳು ಗೋಡೆಯುದ್ದಕ್ಕೂ ಗುಂಯ್ಗುಟ್ಟುತ್ತ ಚಾರ್ಜಾಗುತ್ತಿದ್ದವು. ಹುಳಿ ಹುಳಿ ವಾಸನೆ. ಇವನು ಹದಿನಾಲ್ಕು ವರ್ಷದ ಹಿಂದೆ ಲಿಫ್ಟುಗಳ ಗುಂಡಿಯೊಳಗೆ ಅವಳ ಹಿಂದೆ ಹಿಂದೆ ಇಳಿದು ಕೆಲಸ ಕಲಿತವನು. ಮದುವೆಯಾದಾಗ ಮೊದಲ ಕರೆಯೋಲೆ ಅವಳಿಗೇ ತಂದುಕೊಟ್ಟಿದ್ದ. ಈಗ ಅವನ ಕಿವಿಯ ಮೇಲಿನ ಕೂದಲು ನರೆತಿತ್ತು. ಅವಳನ್ನು ಕಂಡು ಎದ್ದು ಕುರ್ಚಿ ಒರೆಸಿದ. ಅವಳು ಕೂರಲಿಲ್ಲ. ಬಾಗಿಲು ಮುಚ್ಚಿ, ಮೂರನೇ ಓಣಿಯಿಂದ ಕಿತ್ತು ತಂದ ಆಯಸ್ಕಾಂತವನ್ನು ಟೇಪಿನ ಸಮೇತ ಮೇಜಿನ ಮೇಲಿಟ್ಟಳು.

“ಹೀಗೆ ಮಡಚೋಕೆ ಯಾರು ಕಲಿಸಿದ್ರು?”

ಅವನು ಅದನ್ನೇ ನೋಡಿದ.

“ನೀವೇ ಅಕ್ಕ.”

“ಬಾಗಿಲ ಸ್ವಿಚ್ಚಿಗೆ ಅಂಟಿಸೋಕೂ ನಾನೇ ಕಲಿಸಿದ್ನಾ?”

ಅವನು ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ. ಅದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಸುಳ್ಳು ಹೇಳಿದ್ದರೆ ಒಂದೇಟು ಹಾಕಬಹುದಿತ್ತು. ಎರಡು ಭಾನುವಾರ ಹೊರಗಿನ ಆಳುಗಳು ಬಂದು ಕಪಾಟು ಸರಿಸಿದರು ಎಂದ. ಸೋಮವಾರ ನೋಡಿದರೆ ಗೇಟು ಅರ್ಧ ಏಳುವುದರೊಳಗೆ ಕಪಾಟಿನ ಕಂಬಕ್ಕೆ ಬಡಿಯುತ್ತಿತ್ತು. ದೊಡ್ಡ ಪೆಟ್ಟಿಗೆ ಒಂದೂ ಹೊರಗೆ ಬರುತ್ತಿರಲಿಲ್ಲ. ಹೊರಗೆ ಲಾರಿಗಳು ಸಾಲುಗಟ್ಟಿದವು. ಗಾಡಿ ಮಾರಿದವರಿಗೆ ಬರೆಯೋಣ, ಗೇಟು ಬೇರೆ ಮಾಡಿಕೊಡುತ್ತಾರೆ, ತಿಂಗಳು ಹಿಡಿಯಬಹುದು ಎಂದು ಇವನು ಹೇಳಿದ. ಬರೆಯೋಣ, ಅಲ್ಲಿಯವರೆಗೆ ಓಡುವ ಹಾಗೆ ಮಾಡು ಎಂದ ಇಸ್ತ್ರಿ. ಆರು ಗಾಡಿಗೆ ಆರು ಆಯಸ್ಕಾಂತ. ಒಂದು ಗಂಟೆಯ ಕೆಲಸ.

“ಯಾರಾದ್ರೂ ಬೇಡ ಅಂದ್ರಾ?”

“ಗಿಣಿ ಅಂದ್ಲು. ಮೂರು ಸಲ ಬಂದು ಕೇಳಿದ್ಲು, ತೆಗಿ ಅಂತ.”

“ನೀನೇನಂದೆ?”

“ನಾಳೆ ಅಂದೆ.”

“ಮೂರು ಸಲಾನೂ?”

“ಮೂರು ಸಲಾನೂ.”

 ಅವಳು ಗೋಡೆಯ ಬ್ಯಾಟರಿಗಳ ಕಡೆ ತಿರುಗಿ ನಿಂತಳು. ಎಣಿಸಲು ಬೋಲ್ಟುಗಳು ಬೇಕಾದಷ್ಟಿದ್ದವು. ಕಣ್ಣು ಮಂಜಾಗಿ ಎಣಿಕೆ ತಪ್ಪುತ್ತಿತ್ತು. ಇವನಿಗೆ ಮೊದಲ ದಿನ ಹೇಳಿಕೊಟ್ಟ ಪಾಠ ಒಂದೇ ಒಂದು ಸಾಲಿನದು: ಬಾಗಿಲು ತೆರೆದಿದ್ದರೆ ಯಾವುದೂ ಚಲಿಸಬಾರದು. ಎಂಥ ಆತುರ ಇದ್ದರೂ, ಯಾರು ಕೇಳಿದರೂ. ಅಷ್ಟು ಗೊತ್ತಿದ್ದರೆ ಸಾಕು, ಮಿಕ್ಕದ್ದೆಲ್ಲ ಎಣ್ಣೆ ಮತ್ತು ಗ್ರೀಸು ಎಂದಿದ್ದಳು. ಇವನು ಆಗ ತಲೆಯಾಡಿಸಿದ್ದ.

“ಇಸ್ತ್ರಿಗೆ ಓಣಿ ಬೇಕಿತ್ತು, ಕದ್ದ. ಅವನು ಅಂಥವನೇ,” ಎಂದಳು ತಿರುಗದೆ. “ನಿನಗೇನು ಬೇಕಿತ್ತು?”

 ನನಗೇನೂ ಬೇಕಿರಲಿಲ್ಲ ಅಕ್ಕ, ಇಲ್ಲ ಅನ್ನೋದಕ್ಕೆ ಬಾಯಿ ಬರಲಿಲ್ಲ ಎಂದ.  ಅವಳಿಗೆ ಕನಿಕರ ಬರಲಿಲ್ಲ. ನಾಲ್ಕು ಬೆರಳಿನ ಕಳ್ಳತನವನ್ನು ಒಬ್ಬ ಮಾಡಿದ, ಅದನ್ನು ಮುಚ್ಚಲು ಇನ್ನೊಬ್ಬ ಟೇಪು ಸುತ್ತಿದ, ನಡುವೆ ಬಾಯಿ ಬಿಟ್ಟು ಬೇಡ ಎಂದವಳು ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಾಳೆ. ಅವಳ ಗಂಡ ಹಾಸಿಗೆಯ ಪಕ್ಕ ಅದೇ ಅಂಗಿಯಲ್ಲಿ ಹನ್ನೊಂದು ದಿನದಿಂದ ಕೂತಿದ್ದಾನೆ.

ಅವಳು ಕಾಗದ ತೆಗೆದು ಅವನು ಹೇಳಿದ್ದನ್ನೆಲ್ಲ ಬರೆದಳು. ಪೆನ್ನು ಕಾಗದವನ್ನು ಎರಡು ಕಡೆ ಹರಿಯಿತು. ಕೆಲಸ ಹೋಗುತ್ತದೆ, ಕೋರ್ಟು ಕಟಕಟೆ ಆಗುತ್ತದೆ, ಗೊತ್ತಿದೆಯಾ ಎಂದು ಕೇಳಿದಳು. ಗೊತ್ತಿದೆ ಎಂದು ಅವನು ಸಹಿ ಹಾಕಿದ. ದಿನಾಂಕವನ್ನೂ ತಾನಾಗಿಯೇ ಬರೆದ.

ಕೆಲಸ ಮುಗಿಯಿತು ಎಂದುಕೊಂಡಳು. ಗೇಟಿನ ಹೊರಗೆ ಅತ್ತೆ ಬೆಳಗಿನಿಂದ ಕಾದಿದ್ದಾಳೆ. ಒಂದು ವಾರದಿಂದ ಅದೇ ಅವಳ ಕೆಲಸ: ಬೆಂಚಿನ ಮೇಲೆ ಕೂತು ಇಸ್ತ್ರಿಯ ಕಾರು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಎದ್ದು ನಿಂತು ದುರುಗುಟ್ಟಿ ನೋಡುವುದು. ಸೊಸೆ ಎದ್ದು ಓಡಾಡುತ್ತಿದ್ದಾಗ ಅವಳ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲವಂತೆ. ಮಾತು ಜಾಸ್ತಿ, ಒಗೆತ ನೆಟ್ಟಗಿಲ್ಲ, ಮರೆವು ಬೇರೆ. ಈಗ ಅವಳ ಕೋಪ ನೋಡಿದರೆ ಕಾವಲುಗಾರನೂ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದ. ನನಗೆ ಒಂದು ಹೆಸರು ತಂದುಕೊಡು, ಸಾಕು ಎಂದಿದ್ದಳು. ಲಿಫ್ಟಕ್ಕನ ಹತ್ತಿರ ಈಗ ಎರಡು ಹೆಸರಿದ್ದವು.

ಕಾಗದ ಮಡಚುತ್ತ, ವರದಿಯ ಕೊನೆಯ ಸಾಲಿಗೆಂದು ಒಂದು ಮಾಮೂಲು ಪ್ರಶ್ನೆ ಕೇಳಿದಳು. ಗಿಣಿ ಬಿದ್ದ ಮೇಲೆ ಗಾಡಿಯನ್ನು ಮೇಲಿನಿಂದ ಇಳಿಸಿದವನು ನೀನೇ ತಾನೇ? ಇಸ್ತ್ರಿಯ ವರದಿಯಲ್ಲಿ ಹಾಗಿತ್ತು: ‘ವೇದಿಕೆ ಮೇಲೆಯೇ ಇತ್ತು, ನಂತರ ಮೆಕ್ಯಾನಿಕ್ ಕೆಳಗಿಳಿಸಿದ.’

“ಇಳಿಸೋದೇನು ಅಕ್ಕ,” ಎಂದ ಅವನು. “ಅದು ಕೆಳಗೇ ಇತ್ತು.”

ಅವಳ ಕೈ ನಿಂತಿತು.

“ಏನಂದೆ?”

“ನಾನು ಓಡಿಬಂದಾಗ ವೇದಿಕೆ ನೆಲದ ಮೇಲಿತ್ತು. ಸಾಹೇಬ್ರು ಹತ್ತು ನಿಮಿಷ ಬಿಟ್ಟು ಬಂದ್ರು. ನಾನೇ ಇಳಿಸ್ದೆ ಅಂದ್ಕೊಂಡಿರ್ತಾರೆ. ಯಾರೂ ನನ್ನ ಕೇಳಲಿಲ್ಲ.”

ಲಿಫ್ಟಕ್ಕ ಮಡಚಿದ ಕಾಗದವನ್ನು ಮತ್ತೆ ಬಿಡಿಸಿದಳು. ಈ ಸಲ ಕುರ್ಚಿಯಲ್ಲಿ ಕೂತಳು. ಮೊದಲಿನಿಂದ ಹೇಳು, ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳು ಎಂದಳು.

ಅವನು ಹೇಳಿದ. ಹನ್ನೆರಡೂವರೆಗೆ ಎಲ್ಲರೂ ಊಟಕ್ಕೆ ಹೋಗಿದ್ದರು. ಒಂದು ಲಾರಿಗೆ ಕಮೋಡಿನ ಮುಚ್ಚಳಗಳ ಮೂರು ಪೆಟ್ಟಿಗೆ ಬಾಕಿ ಇತ್ತೆಂದು ಗಿಣಿ ಮಾತ್ರ ಉಳಿದಿದ್ದಳು. ಇವನು ಇದೇ ಕೋಣೆಯಲ್ಲಿದ್ದ. ಧಡ್ ಎಂದು ಸದ್ದಾಯಿತು. ಓಡಿದ. ವೇದಿಕೆ ನೆಲಕ್ಕೆ ಕೂತಿತ್ತು, ದೀಪ ಉರಿಯುತ್ತಿತ್ತು. ಅದರ ಹಲಗೆಯ ಮೇಲೆ ಎರಡು ಪೆಟ್ಟಿಗೆ ಒಂದರ ಮೇಲೊಂದು ನೀಟಾಗಿ ಇದ್ದವು. ಮೂರನೆಯದು ಅವಳ ಪಕ್ಕದಲ್ಲಿ ಒಡೆದು ಬಿದ್ದಿತ್ತು.

ಕೇಳುತ್ತ ಕೇಳುತ್ತ ಅವಳ ಕಣ್ಣ ಮುಂದೆ ಅದು ನಡೆಯಿತು. ಗೇಟು ಕಟ್ಟಿಹಾಕಿದ ಮೇಲೆ ಆರಿಸುವವರೆಲ್ಲ ಬೆಲ್ಟಿನ ಕೊಕ್ಕೆ ಬಿಚ್ಚಿ ಕಪಾಟಿನೊಳಕ್ಕೇ ಕಾಲಿಟ್ಟು, ಹಿಂದೆ ಸಿಕ್ಕಿಕೊಂಡ ಪೆಟ್ಟಿಗೆ ಎಳೆಯುತ್ತಿದ್ದರು. ಗಿಣಿಯೂ ಮೂರನೇ ಪೆಟ್ಟಿಗೆಗೆ ಕಪಾಟಿನೊಳಗೆ ಹೋಗಿದ್ದಾಳೆ. ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದು, ಬೆನ್ನು ಹಿಂದೆ ಮಾಡಿ, ವೇದಿಕೆ ಇದ್ದ ಕಡೆ ಕಾಲು ಹಿಂದಿಟ್ಟಿದ್ದಾಳೆ. ಅಲ್ಲಿ ವೇದಿಕೆ ಇರಲಿಲ್ಲ. ಅಷ್ಟು ಹೊತ್ತಿಗೆ ಅದನ್ನು ಯಾರೋ ಕೆಳಗಿಳಿಸಿದ್ದರು.

ವೇದಿಕೆಯಿಂದ ಬಿದ್ದಿದ್ದರೆ ಅದು ಮೇಲೆಯೇ ಉಳಿಯಬೇಕಿತ್ತು. ಗಾಡಿ ತಾನಾಗಿ ಇಳಿಯುವುದಿಲ್ಲ.

“ಹಿಂದಿನ ಕೆಂಪು ಹಿಡಿಕೆ,” ಎಂದಳು.

ಅವನು ತಲೆಯಾಡಿಸಿದ. ಗಾಡಿಯ ಬೆನ್ನಿನಲ್ಲಿ, ಮಂಡಿಯ ಎತ್ತರಕ್ಕೆ, ಒಂದು ಮುಚ್ಚಳದೊಳಗೆ ಆ ಹಿಡಿಕೆ ಇರುತ್ತದೆ. ಮೇಲಿನವರು ಸಿಕ್ಕಿಹಾಕಿಕೊಂಡರೆ ಕೆಳಗಿನವರು ಇಳಿಸಿಕೊಳ್ಳಲೆಂದು ಮಾಡಿದ್ದು. ಬೀಗವಿಲ್ಲ, ಸಂಖ್ಯೆ ಒತ್ತಬೇಕಿಲ್ಲ. ಅದಕ್ಕೆ ಗೇಟಿನ ಸ್ವಿಚ್ಚಿನ ಹಂಗೂ ಇಲ್ಲ. ಮುಚ್ಚಳದ ಮೇಲೆ ಕೆಳಮುಖದ ಬಾಣದ ಚಿತ್ರ. ಅಕ್ಷರ ಬಾರದವರಿಗೂ ತಿಳಿಯುತ್ತದೆ. ಎಳೆದರೆ ವೇದಿಕೆ ಸದ್ದಿಲ್ಲದೆ ಇಳಿಯುತ್ತದೆ.

“ಮುಚ್ಚಳ ಹೇಗಿತ್ತು?”

“ತೆರೆದಿತ್ತು. ನಾನು ಮುಚ್ಚಿದೆ.”

“ಯಾಕೆ?”

“ಎಲ್ಲಾ ನನ್ನ ಮೇಲೇ ಬರುತ್ತೆ ಅಂತ.”

ಈ ಸಲ ಅವಳು ಮೇಜಿಗೆ ಗುದ್ದಿದಳು. ಆಯಸ್ಕಾಂತ ಎಗರಿ ನೆಲಕ್ಕೆ ಬಿತ್ತು. ಹನ್ನೊಂದು ದಿನ. ಬೆರಳಚ್ಚು, ಧೂಳು, ನೆನಪು ಎಲ್ಲ ಅಳಿಸಿಹೋಗಲು ಹನ್ನೊಂದು ದಿನ ಇವನು ಬಾಯಿಗೆ ಬೀಗ ಹಾಕಿಕೊಂಡು ಬ್ಯಾಟರಿಗಳಿಗೆ ನೀರು ಹಾಕುತ್ತಿದ್ದಾನೆ. ಆದರೆ ಬೈಯಲು ಕೂಡ ಅವಳಿಗೆ ವ್ಯವಧಾನವಿರಲಿಲ್ಲ. ಯಾರನ್ನು ಕಂಡೆ ಎಂದು ಕೇಳಿದಳು.

ಮುಖ ಕಾಣಲಿಲ್ಲ ಎಂದ. ಓಣಿಯ ಆ ಕೊನೆಯಲ್ಲಿ ಒಬ್ಬರು ಗೋದಾಮಿನ ಗೇಟಿನ ಕಡೆ ತಿರುಗುತ್ತಿದ್ದರು. ಹೊರಗಿನವರಿಗೆ ಕೊಡುವ ಹಸಿರು ಜಾಕೆಟ್ಟು, ಅದು ಮಂಡಿಯವರೆಗೆ ಜೋಲುತ್ತಿತ್ತು. ಓಡುತ್ತಿರಲಿಲ್ಲ. ಕಪಾಟಿನ ಕಂಬಗಳನ್ನು ಒಂದೊಂದಾಗಿ ಹಿಡಿದುಕೊಂಡು ನಡೆಯುತ್ತಿದ್ದರು.

ಗೇಟಿನ ಕೋಣೆಗೆ ಅವಳು ಹೇಗೆ ಬಂದಳೋ ಅವಳಿಗೇ ತಿಳಿಯಲಿಲ್ಲ. ಮಂಡಿ ನೋವು ಕೂಡ ಹೆದರಿ ಸುಮ್ಮನಾಗಿತ್ತು. ಕಾವಲುಗಾರ ಚಹಾ ಊದುತ್ತಿದ್ದ. ಹೊರಗಿನವರು ಬಂದಾಗ ಬರೆಸುವ ಪುಸ್ತಕ ಕೊಡು ಎಂದಳು. ಇವತ್ತಿನದಾ ಎಂದು ಅವನು ಕೇಳಿದ. ಹನ್ನೊಂದು ದಿನದ ಹಿಂದಿನದು ಎಂದಳು.

ಆ ದಿನ ಬಂದವರು ಮೂವರೇ. ಬೆಳಿಗ್ಗೆ ಒಂಬತ್ತಕ್ಕೆ ಟಪಾಲಿನವನು, ಹತ್ತು ನಿಮಿಷದಲ್ಲಿ ವಾಪಸ್ಸು. ಹತ್ತೂವರೆಗೆ ನೀರಿನ ಫಿಲ್ಟರಿನವನು, ಹನ್ನೊಂದೂವರೆಗೆ ವಾಪಸ್ಸು. ಮೂರನೆಯ ಸಾಲು, ಒಳಗೆ ಹನ್ನೆರಡು ಇಪ್ಪತ್ತು, ಹೊರಗೆ ಹನ್ನೆರಡು ಐವತ್ತೈದು.

ಮೂರನೆಯ ಸಾಲಿನ ಅಕ್ಷರಗಳು ದೊಡ್ಡದಾಗಿ, ಬಲಕ್ಕೆ ವಾಲಿ, ಗೆರೆ ಬಿಟ್ಟು ಮೇಲೇರಿದ್ದವು. ಆ ಕೈಬರಹವನ್ನು ಲಿಫ್ಟಕ್ಕ ಚೆನ್ನಾಗಿ ಬಲ್ಲಳು. ಕಾರ್ಮಿಕ ಕಚೇರಿಗೆ ಕೊಟ್ಟ ಅರ್ಜಿಯ ಪ್ರತಿ ಅವಳ ಚೀಲದಲ್ಲೇ ಇತ್ತು. ಬಂದ ಕಾರಣ ಎಂಬಲ್ಲಿ ಬರೆದಿತ್ತು: ‘ಸೊಸೆ ಕನ್ನಡಕ ಮರೆತು ಬಂದಿದ್ದಾಳೆ. ಕೊಡಲು.’

ಅವಳು ಆ ಸಾಲನ್ನು ಮೂರು ಸಲ ಓದಿದಳು.

ಕಾವಲುಗಾರ ಇಣುಕಿ ನೋಡಿ, ಹೌದು, ಆ ಅಮ್ಮ ಬಂದಿದ್ದರು ಎಂದ. ಗಿಣಿ ಏಳನೇ ಓಣಿಯಲ್ಲಿ ಮೇಲಿರುತ್ತಾಳೆ, ಕೂಗಿದರೆ ಕೇಳುವುದಿಲ್ಲ, ಕಿವಿಗೆ ಪಟ್ಟಿ ಹಾಕಿಕೊಂಡಿರುತ್ತಾಳೆ, ಕೆಳಗಿಳಿಯುವವರೆಗೆ ಕಾಯಿರಿ ಎಂದು ತಾನೇ ಹೇಳಿ ಕಳಿಸಿದ್ದನಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಆ ಅಮ್ಮನೇ ಹೇಳಿರುತ್ತಾರೆ ಅಂದುಕೊಂಡೆ, ನಿಮ್ಮನ್ನು ಕರೆತಂದವರೇ ಅವರಲ್ಲವೇ ಎಂದ.

ಅಪಘಾತದ ಸುದ್ದಿ ಬಂದಾಗ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದೆ, ಫೋನು ಕೈಯಿಂದ ಜಾರಿ ಬಕೆಟ್ಟಿಗೆ ಬಿತ್ತು ಎಂದು ಅತ್ತೆ ಹೇಳಿದ್ದಳು. ಒಂದು ಸಲ ಅಲ್ಲ, ನಾಲ್ಕು ಸಲ. ಪ್ರತಿ ಸಲವೂ ಅದೇ ಮಾತು, ಅದೇ ಬಕೆಟ್ಟು.

ಕಿಟಕಿಯ ಗಾಜಿನಾಚೆ ಬೆಂಚಿನ ಮೇಲೆ ಅವಳು ಕೂತಿದ್ದಳು. ಬೆನ್ನು ನೆಟ್ಟಗೆ, ಮಡಿಲಲ್ಲಿ ಬಟ್ಟೆಯ ಚೀಲ, ದೃಷ್ಟಿ ಇಸ್ತ್ರಿಯ ಕಾರಿನ ಮೇಲೆ. ಇಷ್ಟು ಹೊತ್ತು ಎದೆಯಲ್ಲಿ ಉರಿಯುತ್ತಿದ್ದ ಕೋಪವನ್ನು ಯಾರ ಮೇಲೆ ಹಾಕಬೇಕೆಂದು ಲಿಫ್ಟಕ್ಕನಿಗೆ ಈಗ ತಿಳಿಯದಾಯಿತು. ಆ ಹಿಡಿಕೆಯನ್ನು ದ್ವೇಷದಿಂದ ಎಳೆಯಬಹುದು. ಊಟದ ಹೊತ್ತಾಯಿತು, ಬೇಗ ಇಳಿದು ಬರಲಿ ಎಂದೂ ಎಳೆಯಬಹುದು. ಎಳೆದವರ ಮನಸ್ಸಿನಲ್ಲಿ ಇದ್ದದ್ದು ಯಾವುದೆಂದು ಹಿಡಿಕೆ ಹೇಳುವುದಿಲ್ಲ.

ಅವಳು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದಳು. ಅತ್ತೆ ತಟ್ಟನೆ ಎದ್ದಳು.

“ಹೆಸರು ಸಿಕ್ತಾ?” ಎಂದಳು. ಕಣ್ಣು ಕೆಂಪಗಿತ್ತು. “ಯಾರದು, ಹೇಳು. ಅವರನ್ನ ನಾನು ಸುಮ್ನೆ ಬಿಡಲ್ಲ.”

ಲಿಫ್ಟಕ್ಕ ಇಸ್ತ್ರಿಯ ಹೆಸರು ಹೇಳಲಿಲ್ಲ. ಮೆಕ್ಯಾನಿಕ್ಕಿನ ಹೆಸರನ್ನೂ ಹೇಳಲಿಲ್ಲ. ಅತ್ತೆಯ ಎದುರಿಗೆ, ಒಂದು ಮೊಳ ದೂರದಲ್ಲಿ ನಿಂತು, ಮೆಲ್ಲಗೆ ಕೇಳಿದಳು:

“ಗಿಣಿ ಕನ್ನಡಕ ಎಲ್ಲಿದೆ ಅಮ್ಮ?”

 ಅತ್ತೆಯ ಎರಡೂ ಕೈಗಳು ಚೀಲದ ಬಾಯನ್ನು ಹಿಂಡಿ ಹಿಡಿದವು.